ಐದು ತಾಲ್ಲೂಕು, ಒಬ್ಬ ಗುಬ್ಬಕ್ಕ

ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೆ ಗೊತ್ತಿದ್ದೇ ಇರುತ್ತದೆ. ಕಾಗಕ್ಕನದು ಸೆಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಕೊಂಡು ಹೋಗುತ್ತದೆ. ಕಾಗಕ್ಕ ನಡುಗುತ್ತ ಬಂದು ಗುಬ್ಬಕ್ಕನ ಬಾಗಿಲು ಬಡಿದರೆ, ಗುಬ್ಬಕ್ಕ ಮಗುವಿಗೆ ಎರೆಯುತ್ತಿದ್ದೇನೆ, ಮಗುವನ್ನು ಮಲಗಿಸುತ್ತಿದ್ದೇನೆ ಅಂತ ಒಂದೊಂದೇ ನೆಪ ಹೇಳುತ್ತಾಳೆ. ಇಷ್ಟೇ ಕಥೆ. ಇದನ್ನು 16 ಪುಟದ ಪುಸ್ತಕ ಮಾಡಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ 11 ಸರ್ಕಾರಿ ಶಾಲೆಗಳಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಮಕ್ಕಳ ಜೊತೆ ಕೂತು ಓದಿದೆವು. 2023ರ ಸೆಪ್ಟೆಂಬರ್ 8, ಶುಕ್ರವಾರ.

ಐಡಿಯಾ ನಮ್ಮದಲ್ಲ. ಸೆಪ್ಟೆಂಬರ್ 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ ಅಂತ ಯುನೆಸ್ಕೊ 1966ರಲ್ಲೇ ಘೋಷಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2012ರಿಂದ ಆ ದಿನದ ಆಸುಪಾಸಿನಲ್ಲಿ ‘ಒನ್ ಡೇ ಒನ್ ಸ್ಟೋರಿ’ ಅಂತ ನಡೆಸುತ್ತ ಬಂದಿದ್ದಾರೆ. ದೇಶದ ಬೇರೆ ಬೇರೆ ಕಡೆ, ಬೇರೆ ಬೇರೆ ಭಾಷೆಗಳಲ್ಲಿ, ಸ್ವಯಂಸೇವಕರು ಒಂದೇ ಕಥೆಯನ್ನು ಮಕ್ಕಳಿಗೆ ಓದಿ ಹೇಳುತ್ತಾರೆ. ಬೆಂಗಳೂರಿನಲ್ಲಿ ಗೆಳತಿಯೊಬ್ಬಳು ಇಂಥದ್ದೊಂದು ಓದಿಗೆ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಅಲ್ಲಿ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇದನ್ನು ನಮ್ಮೂರ ಕಡೆ ಯಾಕೆ ಮಾಡಬಾರದು?

ನಮ್ಮೂರು ರಾಯಬಾಗ ತಾಲ್ಲೂಕಿನದು. ಎಂಜಿನಿಯರಿಂಗ್ ಓದುವಾಗ ಬೆಳಗಾವಿಯಲ್ಲಿ ಜೊತೆಗಿದ್ದವರನ್ನು ಹುಡುಕಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿದೆ. ಚಿಕ್ಕೋಡಿಯಲ್ಲಿ ಬ್ಯಾಂಕಿನಲ್ಲಿರುವ ಒಬ್ಬ, ನಿಪ್ಪಾಣಿಯ ನನ್ನ ಹಾಸ್ಟೆಲ್ ರೂಮ್‌ಮೇಟ್, ಕಾಗವಾಡದ ಒಬ್ಬ ಜೂನಿಯರ್, ಅವನ ಪರಿಚಯದಿಂದ ಸಿಕ್ಕ ಅಥಣಿ ಕಡೆಯ ಒಬ್ಬ ಡ್ರಾಯಿಂಗ್ ಮಾಸ್ತರು. ನನ್ನದು ರಿಲೀಸ್ ಪ್ಲಾನ್ ಮಾಡುವ ಕೆಲಸ. ಅಭ್ಯಾಸಬಲದಿಂದ ಮೊದಲ ದಿನವೇ ಗೂಗಲ್ ಶೀಟ್ ತೆರೆದೆ. ಶಾಲೆ, ತರಗತಿ, ಮಕ್ಕಳ ಸಂಖ್ಯೆ, ಪುಸ್ತಕ ತಲುಪಿತೇ, ಫೋಟೊ ಬಂತೇ ಅಂತ ಕಾಲಮ್ಮುಗಳು. ಡ್ರಾಯಿಂಗ್ ಮಾಸ್ತರು ಗ್ರೂಪಿನಲ್ಲಿ ಕೇಳಿದರು, "ಕಥಿ ಯಾವುದಂತ ಒಂದ ಕಾಲಮ್ ಇಲ್ಲಲ್ಲರಿ ಮೇಡಂ?"

ನಿಜ, ಕಥೆಯನ್ನೇ ಆರಿಸಿರಲಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನುವ ತಾಣದಲ್ಲಿ ಕನ್ನಡದ ಕಥೆಗಳೇ ರಾಶಿ ಬಿದ್ದಿವೆ. ಓದಿನ ಮಟ್ಟಕ್ಕೆ ತಕ್ಕಂತೆ 4 ಹಂತ ಮಾಡಿಟ್ಟಿದ್ದಾರೆ, ಪಿಡಿಎಫ್ ಇಳಿಸಿಕೊಳ್ಳಬಹುದು, ಮುಕ್ತ ಪರವಾನಗಿ ಇರುವುದರಿಂದ ಹೆಸರು ನಮೂದಿಸಿ ಅಚ್ಚು ಹಾಕಿ ಹಂಚಬಹುದು. (ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಈಗಲೇ ನೋಡಿ, ದುಡ್ಡೇನೂ ಕೊಡಬೇಕಿಲ್ಲ.) ನಾಲ್ಕೈದು ಕಥೆ ಇಳಿಸಿಕೊಂಡು, ರಜೆ ಹಾಕಿ ಊರಿಗೆ ಬಂದು, ಅವ್ವನ ಮುಂದೆ ಓದಿ ತಾಲೀಮು ಮಾಡಿದೆ. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ರೊಟ್ಟಿ ತಟ್ಟುತ್ತ ಎಲ್ಲ ಕೇಳಿ, "ಚಲೋ ಅದಾವ. ಆದ್ರ ಕಾಗಿ ಗುಬ್ಬಿ ಕಥಿ ಹೇಳಿದ್ರ ಹುಡುಗೂರು ನಿನಕಿಂತ ಮುಂದ ಓಡ್ತಾವ" ಅಂದಳು.

ಹಾಗೆ ಕಾಗಕ್ಕ ಗುಬ್ಬಕ್ಕ ಬಂದರು. ಅವ್ವ ಹೇಳಿದಂತೆಯೇ ರೆಕಾರ್ಡ್ ಮಾಡಿಕೊಂಡು ಬರೆದೆ. ಕೊನೆಗೆ ಏನಾಗುತ್ತದೆ ಅನ್ನುವುದರ ಮೇಲೆ ಮಾತ್ರ ಗ್ರೂಪಿನಲ್ಲಿ ಎರಡು ದಿನ ಜಗಳ. ಅವ್ವನ ಕಥೆಯಲ್ಲಿ ಗುಬ್ಬಕ್ಕ ಕಾಗಕ್ಕನನ್ನು ಒಲೆ ಹತ್ತಿರ ಕೂರಿಸಿ, ಅದರ ಬಾಲ ಸುಡುತ್ತದೆ. ಬ್ಯಾಂಕಿನ ಗೆಳೆಯ ಅದು ಮಕ್ಕಳಿಗೆ ಬೇಡವೇ ಬೇಡ ಅಂದ. ಕಡೆಗೆ ಕೊನೆಯ ಪುಟವನ್ನು ಖಾಲಿ ಬಿಟ್ಟು, ಮಕ್ಕಳೇ ಬರೆಯಲಿ ಅಂತಾಯಿತು. ಇದು ನನ್ನ ಸಲಹೆ. ಅವತ್ತು ಬಹಳ ಹೆಮ್ಮೆಪಟ್ಟಿದ್ದೆ.

ಶಿಕ್ಷಣ ಇಲಾಖೆಗೆ ಚಿಕ್ಕೋಡಿಯೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅರ್ಜಿ, ಅನುಮತಿ, ಸಿಆರ್‌ಪಿಗಳಿಗೆ ಫೋನು, ಅದೆಲ್ಲ ಆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಪುಸ್ತಕ ಮಾಡುವುದರಲ್ಲಿ ಇದೆ. ಎ4 ಹಾಳೆಯನ್ನು ಎರಡೂ ಬದಿ ಝೆರಾಕ್ಸ್ ಮಾಡಿ ನಡುವೆ ಮಡಚಿದರೆ 4 ಪುಟ, 4 ಹಾಳೆ ಸೇರಿಸಿದರೆ 16 ಪುಟ. ಇಬ್ಬರು ಮಕ್ಕಳಿಗೆ ಒಂದು ಪುಸ್ತಕ ಅಂತ ಲೆಕ್ಕ. ತಲೆಗೆ ತಲೆ ಹಚ್ಚಿಕೊಂಡು ಒಟ್ಟಿಗೆ ಓದಲಿ ಅನ್ನುವುದೊಂದು ಕಾರಣ, ನಮ್ಮ ಜೇಬು ಇನ್ನೊಂದು ಕಾರಣ. 300 ಪುಸ್ತಕ, 1,200 ಹಾಳೆ. ಮಧ್ಯದ ಮಡಿಕೆಗೆ ಪಿನ್ ಹೊಡೆಯಲು ನಮ್ಮ ಸಾದಾ ಸ್ಟೇಪ್ಲರ್ ಮುಟ್ಟುವುದೇ ಇಲ್ಲ ಅಂತ ಗೊತ್ತಾಗಿದ್ದು ಹಾಳೆಗಳೆಲ್ಲ ಮನೆಗೆ ಬಂದ ಮೇಲೆ. ಅವ್ವ ಕೌದಿ ಹೊಲಿಯುವ ಸೂಜಿ ದಾರ ತೆಗೆದಳು. ನಾನು ಹಾಳೆ ಜೋಡಿಸಿ ಮಡಚಿ ಕೊಡುವುದು, ಅವಳು ನಡುವೆ ಮೂರು ಹೊಲಿಗೆ ಹಾಕುವುದು. ಮೂರು ರಾತ್ರಿ ಹಿಡಿಯಿತು. ಕೊನೆಯ ರಾತ್ರಿ ಹನ್ನೆರಡು ದಾಟಿತ್ತು. ಅವ್ವ ಒಂದು ಪುಸ್ತಕ ತಿರುವಿ ನೋಡಿ, "ಮಳಿ ಮೊದಲ ಬರಬೇಕಲ್ಲೇನ?" ಅಂದಳು. "ಪುಟದ ನಂಬರ ನಾ ನೋಡೇನಿ, ನೀ ಸುಮ್ನ ಹೊಲಿ ಅವ್ವಾ" ಅಂದೆ. ಅವಳು ಸುಮ್ಮನೆ ಹೊಲಿದಳು.

ಶುಕ್ರವಾರ ಬೆಳಿಗ್ಗೆ ನಾನು ನಮ್ಮೂರ ಶಾಲೆಯಲ್ಲಿದ್ದೆ, ನಾನೇ ಏಳನೇತ್ತೆ ತನಕ ಕಲಿತ ಶಾಲೆ. ಹಾಲು ಕುಡಿದಾದ ಮೇಲೆ ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳನ್ನು ವರಾಂಡದಲ್ಲಿ ಗುಂಡಗೆ ಕೂರಿಸಿದರು. ನಾವು ‘ಅಕ್ಕೋರು’ ಅನ್ನುತ್ತಿದ್ದೆವು, ಈಗಿನವರು ‘ಟೀಚರ್’ ಅನ್ನುತ್ತಾರೆ, ಬದಲಾದದ್ದು ಅಷ್ಟೇ. ಸರಿಯಾಗಿ 11ಕ್ಕೆ ಶುರು. ಮೊದಲು ನಾನು ದೊಡ್ಡದಾಗಿ ಓದಿದೆ. ಅವ್ವ ಹೇಳಿದ್ದು ಸುಳ್ಳಲ್ಲ, ಎರಡನೇ ಪುಟಕ್ಕೇ ಮಕ್ಕಳು ನನಗಿಂತ ಮುಂದೆ ಓಡಿದರು. ಗುಬ್ಬಕ್ಕನ ನೆಪಗಳು ಪುಸ್ತಕದಲ್ಲಿ ನಾಲ್ಕೇ ಇದ್ದವು. ನಮ್ಮ ವರಾಂಡದಲ್ಲಿ ಆಕೆ ಮಗುವಿಗೆ ಡೈಪರ್ ಹಾಕಿದಳು, ರೇಷನ್ ಅಂಗಡಿಯ ಬಯೋಮೆಟ್ರಿಕ್ಕಿಗೆ ಬೆರಳು ಕೊಡಲು ಹೋದಳು, ಮೊಬೈಲ್ ಚಾರ್ಜಿಗೆ ಇಟ್ಟಳು.

ಆ ಹೊತ್ತಿಗೆ ಕಾಗವಾಡದ ಜೂನಿಯರ್ ಫೋನು. ಆಚೆ ಹೋಗಿ ಎತ್ತಿದೆ. "ಅಕ್ಕಾ, ಪುಸ್ತಕದಾಗ ಪುಟಾ ಹಿಂದ ಮುಂದ ಆಗ್ಯಾವ!" ಒಳಗಿನ ಎರಡು ಹಾಳೆಗಳು ಅದಲುಬದಲಾಗಿದ್ದವು. ಎರಡೂ ಪಕ್ಷಿ ಮನೆ ಕಟ್ಟುತ್ತವೆ, ಮರುಪುಟದಲ್ಲೇ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ, ಆಮೇಲೆ ಮಳೆ ಬರುತ್ತದೆ. ಕೊನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ನಾನು ಜೋಡಿಸಿದ 60 ಪುಸ್ತಕ. ಅದರಲ್ಲಿ ಅರ್ಧ ಕಾಗವಾಡಕ್ಕೆ ಹೋಗಿದ್ದವು, ಅರ್ಧ ನಮ್ಮ ಶಾಲೆಯಲ್ಲೇ ಇದ್ದವು. ಮಳಿ ಮೊದಲ ಬರಬೇಕಲ್ಲೇನ ಅಂತ ಅವ್ವ ಅಂದಿದ್ದಳು.

ನನಗೆ ಕಿವಿ ಬಿಸಿಯಾಯಿತು. ಆದರೆ ಜೂನಿಯರ್ ಗೊಳ್ಳನೆ ನಗುತ್ತಿದ್ದ. ಅವನು ಓದಿಸುತ್ತಿದ್ದ ಶಾಲೆ ಕೃಷ್ಣಾ ದಡದ ಊರಿನದು. 2019ರ ಆಗಸ್ಟ್‌ನಲ್ಲಿ ಮತ್ತೆ 2021ರ ಜುಲೈನಲ್ಲಿ ಈ ಊರುಗಳು ನೀರಲ್ಲಿ ನಿಂತಿದ್ದವು. ಮಳಿ ಬರೂಕಿಂತ ಮೊದಲ ಕಾಗಕ್ಕ ಯಾಕ ಬಾಗ್ಲಾ ಬಡದ್ಲು ಅಂತ ಒಬ್ಬ ಹುಡುಗ ಕೇಳಿದನಂತೆ. ಇವನು ತಪ್ಪಾಗಿದೆ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಇನ್ನೊಬ್ಬ, "ನದಿಗೆ ನೀರ ಬಿಡ್ತಾರಂತ ಡಂಗುರಾ ಸಾರಿರಬೇಕ್ರಿ. ಅದಕ್ಕ ಮೊದಲ ಬಂದಾಳ" ಅಂದನಂತೆ. ಅಲ್ಲಿಂದ ಆ ತರಗತಿ ಪುಸ್ತಕ ಬಿಟ್ಟು ಹೊರಟಿತು. ಎಮ್ಮೆ ಹೇಗೆ ಹೊಡೆದುಕೊಂಡು ಹೋದೆವು, ಟ್ರ್ಯಾಕ್ಟರಿನಲ್ಲಿ ಹಾಸಿಗೆ ಟ್ರಂಕು ಹೇಗೆ ಹೇರಿದೆವು, ಕಾಳಜಿ ಕೇಂದ್ರದಲ್ಲಿ ಎಷ್ಟು ದಿನ ಮಲಗಿದ್ದೆವು. ಒಂದು ಹುಡುಗಿಯಂತೂ ಕಾಗಕ್ಕ ಗುಬ್ಬಕ್ಕನ ಮನೆಗೆ ಯಾಕೆ ಹೋಗಬೇಕಿತ್ತು, ಕಾಳಜಿ ಕೇಂದ್ರಕ್ಕೆ ಹೋಗಿದ್ದರೆ ಊಟ ಆದರೂ ಸಿಗುತ್ತಿತ್ತು ಅಂತ ವಾದ ಮಾಡಿದಳಂತೆ. ಖಾಲಿ ಬಿಟ್ಟ ಕೊನೆಯ ಪುಟದಲ್ಲಿ ಆ ಶಾಲೆಯ ಬಹಳ ಮಕ್ಕಳು ಬರೆದಿದ್ದು ಹೆಚ್ಚುಕಡಿಮೆ ಒಂದೇ: ಗುಬ್ಬಕ್ಕನ ಮನೆಗೂ ನೀರು ಬಂತು, ಇಬ್ಬರೂ ಕೂಡಿ ಶಾಲೆಗೆ ಹೋದರು. ಪ್ರವಾಹ ಬಂದರೆ ಎತ್ತರದ ಜಾಗದ ಶಾಲೆಗಳೇ ಕಾಳಜಿ ಕೇಂದ್ರ ಆಗುತ್ತವೆ, ಅವರಿಗೆ ಅದು ಗೊತ್ತು. 2023ರಲ್ಲಿ ನೋಡಿದರೆ ಮಳೆಯೇ ಕೈಕೊಟ್ಟಿತ್ತು, ಬರದ ಮಾತು ನಡೆದಿತ್ತು. ಆದರೂ ಆ ಪುಸ್ತಕಗಳ ತುಂಬ ನೀರೇ ನೀರು.

ನಿಪ್ಪಾಣಿಯದು ಬೇರೆ ತರಹ. ಅಲ್ಲಿ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ತಾಯಂದಿರು ತಂಬಾಕಿನ ಕೆಲಸಕ್ಕೆ, ಬೀಡಿ ಕಟ್ಟುವುದಕ್ಕೆ ಹೋಗುವವರು. ನನ್ನ ರೂಮ್‌ಮೇಟ್ ಕಲ್ಲಿನ ಮನೆ ಅಂತ ಓದಿದ್ದೇ ತಡ, ಹಿಂದಿನ ಸಾಲಿನಿಂದ ‘ನಾಹಿ, ಮೇಣಾಚಂ!’ ಅಂತ ಕೂಗು. ಮರಾಠಿಯಲ್ಲೂ ಇದೇ ಕಥೆ ಇದೆ, ಅಲ್ಲಿ ಗುಬ್ಬಿಯದು ಮೇಣದ ಮನೆ. ಕಲ್ಲೋ ಮೇಣವೋ ಅಂತ ಹತ್ತು ನಿಮಿಷ ವಾದ ನಡೆದು, ಬೇಸಿಗೆಯಲ್ಲಿ ಮೇಣ ಕರಗುತ್ತದೆ, ಮಳೆಗಾಲಕ್ಕೆ ಮಾತ್ರ ಮೇಣ ಅಂತ ರಾಜಿ ಆಯಿತಂತೆ. ದೊಡ್ಡವರು ನವೆಂಬರ್ ಬಂತೆಂದರೆ ಭಾಷೆ ಹಿಡಿದು ಜಗ್ಗಾಡುವ ಊರಿನಲ್ಲಿ ಇಷ್ಟು ಬೇಗ ರಾಜಿ ಆಗಿದ್ದು ಕೇಳಿ ನಮಗೆಲ್ಲ ನಗು. ಅಥಣಿಯಲ್ಲಿ ಡ್ರಾಯಿಂಗ್ ಮಾಸ್ತರಿಗೆ ಮಕ್ಕಳು ಸಹಿ ಕೇಳಿ ಮುತ್ತಿಕೊಂಡರು. ಚಿಕ್ಕೋಡಿಯಲ್ಲಿ ಎಲ್ಲ ಸುಸೂತ್ರ, ಫೋಟೊ ಬಂತು.

ಈಗ ನಮ್ಮ ವರಾಂಡಕ್ಕೆ ವಾಪಸ್. ಫೋನಿಟ್ಟು ಒಳಗೆ ಬಂದಾಗ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಓದುತ್ತಿದ್ದಳು. ಎಷ್ಟು ಚಂದ! ಎಲ್ಲೂ ತಡವರಿಕೆ ಇಲ್ಲ, ಕಾಗಕ್ಕನಿಗೊಂದು ದನಿ, ಗುಬ್ಬಕ್ಕನಿಗೊಂದು ದನಿ. ಅಬ್ಬ, ಇವಳ ಕೈಗೆ ಸರಿಯಾದ ಪುಸ್ತಕ ಸಿಕ್ಕಿದೆ ಅಂದುಕೊಂಡು, ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಅವಳ ಹಿಂದೆ ಹೋಗಿ ನಿಂತೆ.

ಪುಸ್ತಕ ತಪ್ಪಿನದೇ ಆಗಿತ್ತು. ಪುಟದಲ್ಲಿ ಕಾಗಕ್ಕ ಬಾಗಿಲು ಬಡಿಯುತ್ತಿದ್ದಳು, ಹುಡುಗಿಯ ಬಾಯಲ್ಲಿ ಮಳೆ ಸುರಿಯುತ್ತಿತ್ತು. ಪುಟ ತಿರುವಿದಳು. ಅಲ್ಲಿ ಮಳೆ, ಇವಳು ಬಾಗಿಲು ಬಡಿದಳು. ನಾನು ಓದಿದ್ದನ್ನು ಒಮ್ಮೆ ಕೇಳಿ, ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಹಾಳೆಯ ಮೇಲಿದ್ದ ಒಂದು ಪದವನ್ನೂ ಅವಳು ಓದುತ್ತಿರಲಿಲ್ಲ.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಬಿಸಿಯೂಟದ ಹೊತ್ತಿಗೆ ಹೆಡ್ ಮಾಸ್ತರರ ಹತ್ತಿರ ಮಾತು ತೆಗೆದೆ. ಅವರಿಗೆ ಅದೇನೂ ಹೊಸದಲ್ಲ. "ಗೊತ್ತೈತಿ ತಂಗಿ. ಅಕಿಗೆ ಅಕ್ಷರ ಪೂರಾ ಬರಂಗಿಲ್ಲ, ಕಾಗುಣಿತಂತೂ ಇಲ್ಲ. ಆದ್ರ ಒಮ್ಮೆ ಕೇಳಿದ್ದನ್ನ ಬಿಡಂಗಿಲ್ಲ. ಅದರ ಮ್ಯಾಲೇ ನಾಕನೇತ್ತಿ ತನಕ ಬಂದಾಳ." ಆಮೇಲೆ ಬೆರಳು ಮಡಚಿ ಲೆಕ್ಕ ಕೊಟ್ಟರು. ಅವಳು ಒಂದನೇ ತರಗತಿಗೆ ಹೆಸರು ಹಚ್ಚಿದ್ದು 2020ರಲ್ಲಿ. ಕೊರೊನಾ ಬಂದು ಮುಚ್ಚಿದ್ದ ಒಂದರಿಂದ ಐದರ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಒಂದನೇ ತರಗತಿಯನ್ನು ಅವಳು ನೋಡೇ ಇಲ್ಲ, ಸೀದಾ ಎರಡಕ್ಕೆ ಬಂದು ಕೂತಳು. ಒಂದರಿಂದ ಮೂರರವರೆಗೆ ನಮ್ಮ ಶಾಲೆಗಳಲ್ಲಿ ನಲಿ ಕಲಿ. ಮಗು ಒಂದೊಂದೇ ಮೆಟ್ಟಿಲು ತನ್ನ ವೇಗದಲ್ಲಿ ಹತ್ತಬೇಕು ಅನ್ನುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಬಂದದ್ದು. ಇವಳಿಗೆ ಕೆಳಗಿನ ಮೆಟ್ಟಿಲುಗಳೇ ಸಿಗಲಿಲ್ಲ.

ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಕ್ಕಳಿಗೆ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಅಂತ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಗ್ರಾಮೀಣ ಭಾರತದಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 27.3 ಇದ್ದವರು 2022ರಲ್ಲಿ ಶೇ 20.5ಕ್ಕೆ ಇಳಿದರು ಅಂತ ಅದರ ವರದಿ. ಈ ಅಂಕಿಗಳನ್ನು ನಾನೇ ನಮ್ಮ ಗ್ರೂಪಿಗೆ ಹಾಕಿದ್ದೆ. ಓದಿ, ಅಳುವ ಇಮೋಜಿ ಹಾಕಿ, ಕೆಲಸ ಮುಂದುವರಿಸಿದ್ದೆವು.

ಅವತ್ತು ಸಂಜೆ ಶೀಟ್ ತೆರೆದರೆ ಎಲ್ಲ ಸಾಲೂ ಹಸಿರು. 11ಕ್ಕೆ 11 ಶಾಲೆ. ಆ ಹುಡುಗಿಯೂ ನನ್ನ ಲೆಕ್ಕದಲ್ಲಿ ಓದಿದವಳೇ. ಲಿಂಕ್ಡ್‌ಇನ್‌ಗೆ ಅಂತ ಮೊದಲೇ ಬರೆದಿಟ್ಟಿದ್ದ ಪೋಸ್ಟು ಇನ್ನೂ ಡ್ರಾಫ್ಟಿನಲ್ಲೇ ಇದೆ. ಆ ವಿಡಿಯೊ ಯಾರಿಗೂ ಕಳಿಸಿಲ್ಲ.

ಹೊರಡುವ ಮುಂಚೆ ಹೆಡ್ ಮಾಸ್ತರು ಒಂದು ಮಾತು ಕೇಳಿದ್ದರು, "ನೀವು ಬರೂ ವರ್ಷ ಬರ್ತೀರಿ. ನಾಳಿಂದ ಇವ್ರು ಏನ್ ಓದಬೇಕ?" ನಾನು ಆಫೀಸ್ ಕೋಣೆಯ ಗೋದ್ರೇಜ್ ಕಪಾಟಿನ ಕಡೆ ನೋಡಿದೆ. ನನ್ನ ಕಾಲದಿಂದಲೂ ಅದಕ್ಕೆ ಬೀಗ. ಒಳಗೆ ಪುಸ್ತಕ ಇವೆ. ಸಮಗ್ರ ಶಿಕ್ಷಣದಲ್ಲಿ ಶಾಲಾ ಗ್ರಂಥಾಲಯಕ್ಕೆ ಅಂತ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಇದೆ, ಪುಸ್ತಕ ಬಂದೇ ಬರುತ್ತವೆ. ಆದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಒಂದು ಪುಸ್ತಕ ಕಮ್ಮಿಯಾದರೆ ಯಾರು ಉತ್ತರ ಕೊಡಬೇಕು? ಬೀಗ ಹಾಕಿದ್ದು ಕೆಟ್ಟತನಕ್ಕಲ್ಲ, ಭಯಕ್ಕೆ. ಮಕ್ಕಳು ಓದಿ ಹರಿದ ಪುಸ್ತಕಕ್ಕಿಂತ ಯಾರೂ ಮುಟ್ಟದ ಹೊಸ ಪುಸ್ತಕ ಆಡಿಟ್‌ಗೆ ಚೆನ್ನ.

ನಾವು ಐದು ಜನ ಆ ವಾರವೇ ಒಂದು ಕೆಲಸ ಮಾಡಿದೆವು. ಕಳೆದುಹೋದ, ಹರಿದುಹೋದ ಪುಸ್ತಕದ ಬದಲಿಗೆ ಅದೇ ಪುಸ್ತಕ ತಂದುಕೊಡುವ ಜವಾಬ್ದಾರಿ ನಮ್ಮದು ಅಂತ ಶಾಲೆಗಳ ಎಸ್‌ಡಿಎಂಸಿಗಳಿಗೆ ಕಾಗದ ಬರೆದುಕೊಟ್ಟೆವು. ಎಲ್ಲರೂ ಒಪ್ಪಲಿಲ್ಲ, 7 ಶಾಲೆಗಳವರು ಒಪ್ಪಿದರು. ನಮ್ಮೂರ ಶಾಲೆಯಲ್ಲಿ ಬೀಗದ ಕೈ ಐದನೇ ತರಗತಿ ಮಕ್ಕಳ ಕೈಗೆ ಬಂತು. ಪಂಚಾಯಿತಿಯ ಅರಿವು ಕೇಂದ್ರವೂ ಇದೆಯಲ್ಲ, 2020ರಲ್ಲಿ ‘ಓದುವ ಬೆಳಕು’ ಅಂತ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಸದಸ್ಯರನ್ನಾಗಿ ಮಾಡಿದ್ದರು. ಶನಿವಾರ ಮಧ್ಯಾಹ್ನ ಅಲ್ಲಿಗೂ ಮಕ್ಕಳು ಹೋಗತೊಡಗಿದರು. ಒಂದು ವರ್ಷದಲ್ಲಿ ನಮ್ಮೂರಲ್ಲಿ ಕಳೆದಿದ್ದು ಒಂಬತ್ತು ಪುಸ್ತಕ. ಒಂದನ್ನು ಆಡು ತಿಂದಿದೆ, ಅದು ಸಾಕ್ಷಿ ಸಮೇತ ವರದಿಯಾಗಿದೆ.

ಹುಡುಗಿಗೆ ದಾರಿ ಹುಡುಕಿದವರು ಅವಳ ಟೀಚರ್. ಕಥೆ ಹೇಳುವುದಕ್ಕೆ ಅವಳಿಗೆ ಬರುತ್ತದಲ್ಲ, ಅವಳೇ ಹೇಳಲಿ ಅಂದರು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ, ‘ಮಳಿ ಬಂತ, ಮನಿ ಹೋತ’ ಅಂತಲೇ ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು, ಅವಳಿಂದಲೇ ಓದಿಸಿದರು. ಮೊದಮೊದಲು ಅದನ್ನೂ ನೆನಪಿನಿಂದಲೇ ಹೇಳಿಬಿಡುತ್ತಿದ್ದಳಂತೆ. ಟೀಚರ್ ವಾಕ್ಯಗಳನ್ನು ಕತ್ತರಿಸಿ, ಪದದ ಚೀಟಿ ಮಾಡಿ, ಕಲಸಿ ಮುಂದಿಟ್ಟರು. ಆಗ ನೆನಪು ಕೈಕೊಟ್ಟಿತು. ಒಂದು ತಿಂಗಳು ಅವಳು ಶಾಲೆಯಲ್ಲಿ ಮಾತೇ ಆಡಲಿಲ್ಲ ಅಂತ ಟೀಚರ್ ಫೋನಿನಲ್ಲಿ ಹೇಳಿದಾಗ, ನಾವು ಮಾಡಿದ್ದು ಸರಿಯೋ ತಪ್ಪೋ ಅಂತ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇಡೀ ತರಗತಿಯಲ್ಲಿ ಚಂದ ಓದುವವಳು ಅಂತ ಇದ್ದ ಒಂದೇ ಹೆಸರನ್ನೂ ಕಿತ್ತುಕೊಂಡೆವೇನೋ ಅನ್ನಿಸಿತು.

ಅವ್ವನಿಗೆ ಇದನ್ನೆಲ್ಲ ಹೇಳಿದ್ದೆ. ಅವಳು ಆ ಹುಡುಗಿಯ ವಿಷಯಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಪುಟದ ನಂಬರ ಎಲ್ಲಿರ್ತಾವ, ತೋರ್ಸು" ಅಂದಳು.

2024ರಲ್ಲಿ ಸೆಪ್ಟೆಂಬರ್ 8 ಭಾನುವಾರ ಬಿತ್ತು, ಹಿಂದಿನ ದಿನವೇ ಗಣೇಶ ಚೌತಿ. ನಮ್ಮ ಕಡೆ ಗಣಪತಿ ಕೂತಾಗ ಮಕ್ಕಳನ್ನು ಕಥೆಗೆ ಕರೆಯುವುದು ಆಗದ ಮಾತು. ಅದಕ್ಕೇ ತಿಂಗಳ ಕೊನೆಯ ಶನಿವಾರ ಮಾಡಿದೆವು, ಶನಿವಾರ ಹೇಗೂ ಮುಂಜಾನೆ ಸಾಲಿ. ಈ ಸಲ ಕಾಗವಾಡದ ಮಕ್ಕಳು ಬರೆದ ಪ್ರವಾಹದ ಕಥೆಯನ್ನೇ ಪುಸ್ತಕ ಮಾಡಿದ್ದೆವು. ಮಿರ್ಜಿ ಅಣ್ಣಾರಾಯರ ಶೇಡಬಾಳ ಇರುವ ತಾಲ್ಲೂಕದು, ಅಲ್ಲಿಂದ ಕಥೆ ಬಂದರೆ ಆಶ್ಚರ್ಯವಿಲ್ಲ ಅಂತ ಡ್ರಾಯಿಂಗ್ ಮಾಸ್ತರು ಅಂದರು. ಹಾಳೆ ಜೋಡಿಸುವಾಗ ಅವ್ವನೇ ಪ್ರತಿ ಪುಸ್ತಕ ತಿರುವಿ, ನಂಬರು ಮತ್ತು ಚಿತ್ರ ಎರಡನ್ನೂ ನೋಡಿ, ಆಮೇಲೆ ಹೊಲಿದಳು.

ಹುಡುಗಿ ಈಗ ಐದನೇ ತರಗತಿ. ರಿಬ್ಬನ್ ಬಣ್ಣ ಬದಲಾಗಿತ್ತು. ನಾನು ಮುಂಚೆ ದೊಡ್ಡದಾಗಿ ಓದುವುದು ಬೇಡ ಅಂತ ಟೀಚರ್ ಮೊದಲೇ ಹೇಳಿದ್ದರು. ಅವಳ ಸರದಿ ಬಂದಾಗ ಎದ್ದು ನಿಂತಳು. ಒಂದು ಪದ ಓದಿ ನಿಲ್ಲುತ್ತಿದ್ದಳು, ಮತ್ತೊಂದು ಪದ, ಮತ್ತೆ ನಿಲುಗಡೆ. ದನಿಯಲ್ಲಿ ಏರಿಳಿತ ಇಲ್ಲ. ಪಕ್ಕದ ಹುಡುಗ ನನಗೆ ಕೇಳುವ ಹಾಗೆ, "ಹ್ವಾದ ವರ್ಷ ಇನ್ನೂ ಚಂದ ಓದ್ತಿದ್ಲರಿ ಇಕಿ" ಅಂದ. ಮೂರನೇ ಪುಟದಲ್ಲಿ ಒಂದು ಒತ್ತಕ್ಷರ ಬಂದು ಸಿಕ್ಕಿಕೊಂಡಿತು. ಚಿತ್ರದಲ್ಲಿ ಟ್ರ್ಯಾಕ್ಟರ್ ಇತ್ತು, ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಚಿತ್ರದ ಮೇಲೆ ಎಡಗೈ ಅಂಗೈ ಇಟ್ಟು ಮುಚ್ಚಿದಳು. ಬಲಗೈ ಬೆರಳನ್ನು ಆ ಪದದ ಕೆಳಗಿಟ್ಟು, ಮೊದಲ ಅಕ್ಷರದಿಂದ ಶುರು ಮಾಡಿದಳು.